ಮೂಗಿಗೆ ಸವರಿದ ಬೋನಸ್

ಈ ರಟ್ಟಿನ ಡಬ್ಬ ಎಂಟು ತಿಂಗಳಿಂದ ನನ್ನ ಮಂಚದ ಕೆಳಗೆ ಹೀಗೇ ಬಿದ್ದಿತ್ತು. ಟೇಪು ಕೂಡ ಕಿತ್ತಿರಲಿಲ್ಲ. ಹಳೇ ಗೇಮ್ ಕಂಪನಿಯಲ್ಲಿ ಕೊನೇ ದಿನ ಡೆಸ್ಕ್ ಖಾಲಿ ಮಾಡುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬ್ಕೊಂಡು ಬಂದಿದ್ದೆ. ಇವತ್ತು ಬಿಚ್ತಾ ಇದೀನಿ. ಈ ವಿಡಿಯೋಗೆ ದನಿ ಮಾತ್ರ ಆಮೇಲೆ ಸೇರಿಸಿದ್ದು, ಯಾಕಂದ್ರೆ ಬಿಚ್ಚುವಾಗ ನನ್ನ ಬಾಯಿಂದ ಬಂದ ಮಾತು ನಾಲ್ಕು ಜನ ಕೇಳೋ ಹಾಗಿರಲಿಲ್ಲ.

ಮೊದಲು ಸಿಕ್ಕಿದ್ದು ಟೀ ಶರ್ಟು. ಎದೆ ಮೇಲೆ ನಮ್ಮ ಗೇಮಿನ ಲೋಗೋ, ಅದರ ಕೆಳಗೆ ಬಿಡುಗಡೆಯ ವರ್ಷ. ಆ ವರ್ಷ ತಪ್ಪು. ಶರ್ಟು ಹಂಚಿದ ಮೇಲೆ ಗೇಮು ಮುಂದಕ್ಕೆ ಹೋಯ್ತು. ಎರಡನೇ ಸಲ ಮುಂದಕ್ಕೆ ಹೋದಾಗ ಯಾರೂ ಶರ್ಟಿನ ಮಾತೇ ಎತ್ತಲಿಲ್ಲ.

ಇದು ಕಂಟ್ರೋಲರ್. ಎಡಗಡೆ ಸ್ಟಿಕ್ ಸವೆದು ನುಣ್ಣಗಾಗಿದೆ. ನಾನು ಲೆವೆಲ್ ಡಿಸೈನರ್, ಅಂದ್ರೆ ಗೇಮಿನ ಒಂದೊಂದು ಹಂತವನ್ನ ಕಟ್ಟೋನು. ಒಂದೇ ಗೋಡೆಗೆ ಸಾವಿರ ಸಲ ಡಿಕ್ಕಿ ಹೊಡೆದು ನೋಡೋದೂ ನಮ್ಮ ಕೆಲಸವೇ.

ಅದರ ಕೆಳಗೆ, ಈ ಪ್ಲಾಸ್ಟಿಕ್ ಫೋಲ್ಡರಿನಲ್ಲಿ, ನನ್ನ ಬೋನಸ್ ಲೆಟರ್. ಕಂಪನಿ ಹೆಸರು, ಮೊತ್ತ ಎರಡನ್ನೂ ಬ್ಲರ್ ಮಾಡಿದೀನಿ. ನೀವು ನೋಡಬೇಕಾದ್ದು ಎರಡನೇ ಪುಟದ ಸಣ್ಣಕ್ಷರ. ಹಣ ಪಾವತಿಯಾಗೋ ದಿನ ಉದ್ಯೋಗಿ ಕೆಲಸದಲ್ಲಿರಬೇಕು, ನೋಟಿಸ್ ಪೀರಿಯಡ್‌ನಲ್ಲಿ ಇರಬಾರದು. ಪಾವತಿ ಯಾವತ್ತು? ಗೇಮು ಬಿಡುಗಡೆಯಾದ ತೊಂಬತ್ತನೇ ದಿನ. ಬಿಡುಗಡೆ ಯಾವತ್ತು? ಅದನ್ನ ಬರೆದಿಲ್ಲ.

ಈ ಕಾಗದಕ್ಕೆ ಸೈನ್ ಹಾಕಿದಾಗ ನಾನು ಮೊತ್ತ ನೋಡಿದ್ದೆ, ಸಾಲು ಓದಿರಲಿಲ್ಲ. ಇಂಟರ್‌ವ್ಯೂನಲ್ಲಿ ಅವರು ಹೇಳಿದ್ದು ಚೆನ್ನಾಗಿ ನೆನಪಿದೆ: "ಸಂಬಳ ಸ್ವಲ್ಪ ಕಮ್ಮಿ ಅನ್ನಿಸಬಹುದು, ಆದ್ರೆ ಲಾಂಚ್ ಬೋನಸ್ ಸೇರಿಸಿ ನೋಡಿ." ನಾನೂ ಸೇರಿಸಿ ನೋಡಿದೆ. ನಮ್ಮ ಭಾಷೆಯಲ್ಲಿ ಸಂಬಳಕ್ಕೂ ಇನಾಮಿಗೂ ಬೇರೆಬೇರೆ ಮಾತಿದೆ. ಸಂಬಳ ದುಡಿದವನ ಹಕ್ಕು, ಇನಾಮು ಕೊಡೋನ ಮರ್ಜಿ. ಆ ಮೇಜಿನ ಮೇಲೆ ನನ್ನ ಸಂಬಳದ ಒಂದು ತುಂಡನ್ನ ಕತ್ತರಿಸಿ ಇನಾಮಿನ ತಟ್ಟೆಯಲ್ಲಿಟ್ಟರು. ನಾನು ಥ್ಯಾಂಕ್ಸ್ ಹೇಳಿ ಬಂದೆ.

ಬೋನಸ್ಸಿಗೆ ಕಟ್ಟೋ ಷರತ್ತಲ್ಲಿ ದಿನಾಂಕವೊಂದೇ ಇರಲ್ಲ. ಇನ್ನೂ ವಿಚಿತ್ರವಾದವೂ ಇವೆ. ಫಾಲ್‌ಔಟ್: ನ್ಯೂ ವೇಗಸ್ ಗೊತ್ತಲ್ಲ, 2010ರದ್ದು? ಈಗಲೂ ಜನ ಆಡ್ತಾರೆ. ಮಾಡಿದ್ದು ಅಬ್ಸಿಡಿಯನ್, ಹೊರತಂದಿದ್ದು ಬೆಥೆಸ್ಡಾ. ಅಬ್ಸಿಡಿಯನ್‌ನಲ್ಲಿದ್ದ ಕ್ರಿಸ್ ಅವೆಲ್ಲೋನ್ 2012ರಲ್ಲಿ ಟ್ವಿಟರ್‌ನಲ್ಲಿ ವಿಷಯ ಬಿಚ್ಚಿಟ್ರು. ರಾಯಲ್ಟಿ, ಅಂದ್ರೆ ಮಾರಾಟದಲ್ಲಿ ಪಾಲು, ಇರಲಿಲ್ಲ, ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಅಂತ ಒಪ್ಪಂದ. ಬಂದಿದ್ದು 84.

ಒಂದು ಅಂಕ! ಮೆಟಾಕ್ರಿಟಿಕ್ ಅಂದ್ರೆ ಹತ್ತಾರು ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ. ಅವರಲ್ಲಿ ಯಾರೋ ಇಬ್ಬರು ಸ್ವಲ್ಪ ಧಾರಾಳಿಗಳಾಗಿದ್ರೂ ದಾಟಿಬಿಡ್ತಿತ್ತೇನೋ. ಗೇಮಿನಲ್ಲಿ ಬಗ್ ಇತ್ತು, ಅಂದ್ರೆ ಪ್ರೋಗ್ರಾಮಿನ ದೋಷ, ಹೌದು, ಲಾಂಚ್ ಹೊತ್ತಿಗೆ ಸಿಕ್ಕಾಪಟ್ಟೆ ಇತ್ತು. ಆದ್ರೆ ಆ ಬಗ್ ಸರಿ ಮಾಡೋಕೆ ಬೇಕಾಗೋದು ಸಮಯ. ಸಮಯ ಎಷ್ಟು ಅಂತ ತೀರ್ಮಾನ ಮಾಡೋದು ಲೆವೆಲ್ ಕಟ್ಟೋನಲ್ಲ, ಅನಿಮೇಷನ್ ಮಾಡೋಳಲ್ಲ. ಅಂಕ ಮಾತ್ರ ಅವರ ತಲೆಗೆ.

ಸೈಬರ್‌ಪಂಕ್ 2077 ಕಥೆ ಇದರ ಉಲ್ಟಾ. ಅಲ್ಲೂ ಬೋನಸ್ಸನ್ನ 90 ಅಂಕಕ್ಕೆ ಕಟ್ಟಿದ್ರು. 2020ರ ಡಿಸೆಂಬರ್ 10ಕ್ಕೆ ಗೇಮು ಬಂತು, ಹಳೇ ಕನ್ಸೋಲ್‌ಗಳಲ್ಲಿ ಓಡೋಕೇ ಒದ್ದಾಡ್ತು, ಸೋನಿ ಅದನ್ನ ಸ್ಟೋರಿಂದಲೇ ತೆಗೆದುಬಿಡ್ತು. ಆ ಗದ್ದಲದಲ್ಲಿ ಗೇಮು ಮಾಡಿದ ಸಿಡಿ ಪ್ರಾಜೆಕ್ಟ್ ತನ್ನ ನೌಕರರಿಗೆ, ಅಂಕ ಎಷ್ಟೇ ಬರಲಿ ಬೋನಸ್ ಕೊಡ್ತೀವಿ ಅಂದಿತು. ಒಳ್ಳೇದೇ. ಆದ್ರೆ ಒಂದು ಇಮೇಲ್‌ನಲ್ಲಿ ತೆಗೆದುಹಾಕಬಹುದಾದ ಷರತ್ತಿನ ಕೆಳಗೆ ಅಷ್ಟು ಕಾಲ ಅಷ್ಟು ಜನ ರಾತ್ರಿಹಗಲು ಕ್ರಂಚ್, ಅಂದ್ರೆ ಗಡುವಿಗಾಗಿ ವಿಪರೀತ ದುಡಿಮೆ, ಮಾಡಿದ್ದರಲ್ಲ, ಅದು ನನಗೆ ಅರಗಲಿಲ್ಲ.

ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಕಥೆ ಮಾತ್ರ ಹಳೇದು. 1979. ಅಟಾರಿ ಅನ್ನೋ ಗೇಮ್ ಕಂಪನಿಯಲ್ಲಿ ಡೇವಿಡ್ ಕ್ರೇನ್, ಲ್ಯಾರಿ ಕ್ಯಾಪ್ಲನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್ ಅಂತ ನಾಲ್ವರು ಪ್ರೋಗ್ರಾಮರ್‌ಗಳು. ಒಂದು ದಿನ ಮಾರಾಟದ ಪಟ್ಟಿ ಅವರ ಕೈಗೆ ಬಂತು. ಚೆನ್ನಾಗಿ ಓಡೋ ಗೇಮು ಯಾವ್ದು ನೋಡಿ, ಅಂಥದ್ದೇ ಇನ್ನಷ್ಟು ಮಾಡಿ ಅನ್ನೋದಕ್ಕೆ ಕಳಿಸಿದ್ದು. ಇವರು ಬೇರೆ ಲೆಕ್ಕ ಹಾಕಿದ್ರು. ಕ್ರೇನ್ ಹೇಳೋ ಪ್ರಕಾರ, ಒಂದು ವರ್ಷದ ಸುಮಾರು 100 ಮಿಲಿಯನ್ ಡಾಲರ್ ಕಾರ್ಟ್ರಿಡ್ಜ್ (ಗೇಮು ತುಂಬಿದ ಡಬ್ಬಿ) ವ್ಯಾಪಾರದಲ್ಲಿ 60 ಮಿಲಿಯನ್ ಈ ನಾಲ್ವರ ಗೇಮುಗಳದ್ದೇ. ಡಬ್ಬದ ಮೇಲೆ ಹೆಸರಿಲ್ಲ, ಮಾರಾಟದಲ್ಲಿ ಪಾಲಿಲ್ಲ, ಬರೀ ಸಂಬಳ. ಮುಖ್ಯಸ್ಥ ರೇ ಕಸಾರ್ ಹತ್ರ ಹೋಗಿ ಕೇಳಿದ್ರು. ಕಾರ್ಟ್ರಿಡ್ಜ್ ಜೋಡಿಸೋ ಕೆಲಸಗಾರನಿಗಿಂತ ನೀವೇನೂ ದೊಡ್ಡವರಲ್ಲ ಅನ್ನೋ ಧಾಟಿಯ ಉತ್ತರ ಸಿಕ್ತು. ಜೋಡಿಸೋನಿಗೂ ಪಾಲು ಕೊಡಬೇಕಿತ್ತು ಅನ್ನೋದು ನನ್ನ ವಾದ, ಅದಿರಲಿ. ನಾಲ್ವರೂ ಎದ್ದು ಹೋದ್ರು, ಸ್ವಂತ ಕಂಪನಿ ಕಟ್ಟಿದ್ರು. ಡಬ್ಬದ ಮೇಲೆ ಗೇಮು ಮಾಡಿದವರ ಹೆಸರು ಹಾಕಿದ್ರು.

ಆ ಕಂಪನಿಯ ಹೆಸರು ಆಕ್ಟಿವಿಷನ್.

ಈಗ ಮೂವತ್ತು ವರ್ಷ ಮುಂದಕ್ಕೆ ಬನ್ನಿ. ಸ್ಥಾಪಕರು ಯಾವಾಗಲೋ ಹೋಗಿದ್ದಾರೆ, ಮಾಲೀಕರು ಬದಲಾಗಿದ್ದಾರೆ, ಹೆಸರು ಮಾತ್ರ ಉಳಿದಿದೆ. 2009ರ ನವೆಂಬರ್‌ನಲ್ಲಿ ಆಕ್ಟಿವಿಷನ್ ಹೊರತಂದ ಮಾಡರ್ನ್ ವಾರ್‌ಫೇರ್ 2 ಐದೇ ದಿನದಲ್ಲಿ 550 ಮಿಲಿಯನ್ ಡಾಲರ್ ವ್ಯಾಪಾರ ಮಾಡ್ತು. 2010ರ ಮಾರ್ಚ್‌ನಲ್ಲಿ ಅದನ್ನ ಮಾಡಿದ ಇನ್ಫಿನಿಟಿ ವಾರ್ಡ್ ಸ್ಟುಡಿಯೋದ ಮುಖ್ಯಸ್ಥರಿಬ್ಬರನ್ನೂ, ಜೇಸನ್ ವೆಸ್ಟ್ ಮತ್ತು ವಿನ್ಸ್ ಜಂಪೆಲ್ಲಾ, ಕೆಲಸದಿಂದ ತೆಗೆದ್ರು. ಮರುತಿಂಗಳು 38 ಮಂದಿ ನೌಕರರು, ಮಾಜಿ ನೌಕರರು ಕೋರ್ಟಿಗೆ ಹೋದ್ರು. ಅವರ ದೂರು ಏನು ಅಂದ್ರೆ, ನಮ್ಮ ಬೋನಸ್ಸನ್ನ ಬೇಕಂತಲೇ ತಡೆಹಿಡಿದಿದ್ದಾರೆ, ಮುಂದಿನ ಗೇಮು ಮುಗಿಯೋವರೆಗೆ ನಾವು ಬಿಟ್ಟು ಹೋಗದಿರಲಿ ಅಂತ. ಆಕ್ಟಿವಿಷನ್ ಒಪ್ಪಲಿಲ್ಲ. ಎರಡು ವರ್ಷ ಕೇಸು ನಡೀತು. 2012ರ ಮೇನಲ್ಲಿ, ವಿಚಾರಣೆ ಶುರುವಾಗೋ ಮುಂಚೆ, ಆ ಗುಂಪಿಗೆ 42 ಮಿಲಿಯನ್ ಡಾಲರ್ ಪಾವತಿಯಾಯ್ತು. ಅಷ್ಟೊತ್ತಿಗೆ ಬಹಳ ಜನ ಬಿಟ್ಟು, ವೆಸ್ಟ್ ಮತ್ತು ಜಂಪೆಲ್ಲಾ ಕಟ್ಟಿದ ರೆಸ್ಪಾನ್ ಅನ್ನೋ ಹೊಸ ಸ್ಟುಡಿಯೋ ಸೇರಿಯಾಗಿತ್ತು.

ಈ ದೂರನ್ನ ಓದಿದಾಗ ನಾನು ಇದೇ ಫೋಲ್ಡರ್ ತೆಗೆದು, ಎರಡನೇ ಪುಟ ಮೊದಲ ಸಲ ಸರಿಯಾಗಿ ಓದಿದೆ.

ನಮ್ಮಲ್ಲಿ ಆಗ ಎರಡನೇ ಮುಂದೂಡಿಕೆ ನಡೆದಿತ್ತು. ಟೀಮಿನವರೆಲ್ಲರ ಬಾಯಲ್ಲೂ ಒಂದೇ ಮಾತು: "ಬೋನಸ್ ಬರಲಿ, ಆಮೇಲೆ ನೋಡೋಣ." ಮನೆ ಬದಲಾಯಿಸೋದು ಬೋನಸ್ ಆದ್ಮೇಲೆ, ಬೆನ್ನು ನೋವಿಗೆ ಡಾಕ್ಟರ್ ಹತ್ರ ಹೋಗೋದು ಬೋನಸ್ ಆದ್ಮೇಲೆ. ಮೂಗಿಗೆ ತುಪ್ಪ ಸವರೋದು ಅಂತಾರಲ್ಲ, ವಾಸನೆ ಬರುತ್ತೆ, ನಾಲಿಗೆಗೆ ಎಟಕಲ್ಲ. ಒಂದು ರಾತ್ರಿ ಪೇಪರ್ ತಗೊಂಡು ಕೂತೆ. ಬಿಡುಗಡೆ ಇನ್ನು ಒಂಬತ್ತು ತಿಂಗಳಾದ್ರೆ, ಅದರ ಮೇಲೆ ಮೂರು ತಿಂಗಳು. ಬೋನಸ್ಸನ್ನ ಆ ಹನ್ನೆರಡು ತಿಂಗಳಿಗೆ ಹಂಚಿದೆ. ಬೇರೆ ಕಡೆ ಸಿಗಬಹುದಾದ ಸಂಬಳದ ವ್ಯತ್ಯಾಸ ಪಕ್ಕದಲ್ಲಿ ಬರೆದೆ. ಎರಡೂ ಹತ್ತಿರಹತ್ತಿರ ಸಮ! ಅಷ್ಟಕ್ಕಾಗಿ ನಾನು ಬೆನ್ನು ನೋವು ಸಹಿಸ್ಕೊಂಡಿದ್ದೆ.

ರಾಜೀನಾಮೆ ಕೊಟ್ಟ ದಿನ ನನ್ನ ಲೀಡ್ ಮೀಟಿಂಗ್ ರೂಮಿಗೆ ಕರೆದು, "ಯಾಕ್ರೀ, ಇಷ್ಟು ಹತ್ರ ಬಂದು?" ಅಂದ್ರು. ಕೋಪ ಇರಲಿಲ್ಲ ಅವರಿಗೆ. ಎಷ್ಟು ಹತ್ರ ಸರ್, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಗೊತ್ತಿಲ್ಲ" ಅಂದ್ರು. ಒಳ್ಳೇ ಮನುಷ್ಯ.

ಹೊಸ ಕಂಪನಿ ಜಾಯಿನಿಂಗ್ ಬೋನಸ್ ಅಂತ ಆಸೆ ತೋರಿಸ್ತು. ಈ ಸಲ ಸಾಲು ಓದಿದೆ. ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕಟ್ಟಬೇಕು. ಅದು ಬೇಡ, ಸಂಬಳಕ್ಕೇ ಸೇರಿಸಿ ಅಂದೆ. ಎಚ್ಆರ್ ಮೇಡಂಗೆ ಆಶ್ಚರ್ಯ. ಕೊನೆಗೆ ಅರ್ಧಕ್ಕಿಂತ ಕಮ್ಮಿ ಸೇರಿಸಿದ್ರು. ಒಪ್ಪಿಕೊಂಡೆ. ಇದನ್ನ ಕೇಳಿ ನೀವೂ ಹಾಗೇ ಮಾಡಿ ಅಂತ ಹೇಳ್ತಿಲ್ಲ. ಸಾಲ ಇದ್ದೋರಿಗೆ, ಒಟ್ಟಿಗೆ ದುಡ್ಡು ಬೇಕಾದೋರಿಗೆ ಲೆಕ್ಕ ಬೇರೆ.

ಬೋನಸ್ ಬಿಟ್ಟಿದ್ದಕ್ಕೆ ನಿದ್ದೆ ಕೆಡಲಿಲ್ಲ. ಹೊಟ್ಟೆ ಉರಿದಿದ್ದು ಕ್ರೆಡಿಟ್ಸ್‌ಗೆ, ಅಂದ್ರೆ ಗೇಮಿನ ಕೊನೆಗೆ ಬರೋ, ಮಾಡಿದವರ ಹೆಸರಿನ ಪಟ್ಟಿಗೆ. ಬಿಡುಗಡೆಗೆ ಮುಂಚೆ ಬಿಟ್ಟೋರ ಹೆಸರು ಹಾಕದಿರೋದು ಈ ಉದ್ಯಮದ ಹಳೇ ಚಾಳಿ. 2018ರಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಬಂದಾಗ ಅಂಥವರಿಗೆ ಗೇಮಿನ ಕ್ರೆಡಿಟ್ಸ್‌ನಲ್ಲಿ ಜಾಗ ಇರಲಿಲ್ಲ, ಅದನ್ನ ಮಾಡಿದ ರಾಕ್‌ಸ್ಟಾರ್ ತನ್ನ ವೆಬ್‌ಸೈಟ್‌ನಲ್ಲಿ ಬೇರೆ ಪಟ್ಟಿ ಹಾಕ್ತು. ನಮ್ಮ ಗೇಮು ಒಂದೂವರೆ ತಿಂಗಳ ಹಿಂದೆ ಬಂತು. ದುಡ್ಡು ಕೊಟ್ಟೇ ತಗೊಂಡೆ. ನಾನು ಕಟ್ಟಿದ ಮೂರು ಲೆವೆಲ್ ಹಾಗೇ ಇವೆ, ಆ ಗೋಡೆಯೂ ಇದೆ. ಈಗ ಸ್ಕ್ರೀನ್ ಮೇಲೆ ಓಡ್ತಿರೋದು ಅದರ ಕ್ರೆಡಿಟ್ಸ್. ಲೆವೆಲ್ ಡಿಸೈನ್ ಕೆಳಗೆ ನಾನಿಲ್ಲ. ಸ್ವಲ್ಪ ತಡೀರಿ. ಇನ್ನೂ ಕೆಳಗೆ. "ಸ್ಪೆಷಲ್ ಥ್ಯಾಂಕ್ಸ್". ಹಾಂ, ಅಲ್ಲಿ, ಆಫೀಸಿಗೆ ಬರ್ತಿದ್ದ ನಾಯಿಯ ಹೆಸರಾದ್ಮೇಲೆ, ನಾಲ್ಕನೇದು.

ನಾಯಿ ಒಳ್ಳೇದಿತ್ತು, ತಕರಾರಿಲ್ಲ.

ಅಲ್ಲೇ ಉಳಿದ ಗೆಳೆಯನೊಬ್ಬ ಇದಾನೆ. ರಾಜೀನಾಮೆ ಪತ್ರ ಬರೆದು ಡ್ರಾಫ್ಟ್‌ನಲ್ಲಿ ಇಟ್ಕೊಂಡಿದಾನೆ. ಇಷ್ಟು ಹೇಳಿದ್ರೆ ಅವನು ಸಿಕ್ಕಿಬೀಳಲ್ಲ, ಯಾಕಂದ್ರೆ ಅಲ್ಲಿ ಡ್ರಾಫ್ಟ್ ಇಟ್ಕೊಂಡಿರೋದು ಅವನೊಬ್ಬನೇ ಅಲ್ಲ. ಬಿಡುಗಡೆಯಾದ ಮರುದಿನದಿಂದ ದಿನಾ ಬೆಳಿಗ್ಗೆ ನನಗೆ ಒಂದು ಮೆಸೇಜ್ ಹಾಕ್ತಾನೆ. ಗುಡ್ ಮಾರ್ನಿಂಗ್ ಇಲ್ಲ, ಏನಿಲ್ಲ, ಬರೀ ಒಂದು ಸಂಖ್ಯೆ. 89ರಿಂದ ಶುರು ಮಾಡಿದ್ದ.

ಇವತ್ತು 41 ಬಂತು.