ಸಂಜೆಯ ಅಳುವಿಗೆ ಹಾಲನ್ನು ದೂರಬೇಡಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅಜ್ಜಿಯರಿಗೆ ಮೊದಲೇ ಹೇಳಿಬಿಡುತ್ತೇನೆ. ಇವತ್ತು ನಿಮ್ಮ ಜೊತೆ ಸ್ವಲ್ಪ ಜಗಳ ಇದೆ, ಸ್ವಲ್ಪ ರಾಜಿಯೂ ಇದೆ.

ನನ್ನ ಮಗಳಿಗೆ ಆಗ ಒಂದೂವರೆ ತಿಂಗಳು. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಳು ಶುರು. ಮುಷ್ಟಿ ಬಿಗಿ, ಮುಖ ಕೆಂಪು, ಕಾಲು ಹೊಟ್ಟೆಗೆ ಮಡಚಿಕೊಂಡು ರಾತ್ರಿ ಹತ್ತರವರೆಗೆ ಒಂದೇ ಸಮ. ಒಬ್ಬರು ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಇನ್ನೊಬ್ಬರು ಹೊಟ್ಟೆನೋವೆಂದು ಬಜೆ ತೇಯಲು ಕೂತರು. ಕೊನೆಗೆ ಎಲ್ಲರೂ ಸೇರಿ ಕೊಟ್ಟ ತೀರ್ಪು ಒಂದೇ: "ಹಾಲು ಸಾಲ್ತಿಲ್ಲ ಕಣೆ." ನಾನು ಬಾಣಂತಿಯರ ವಾರ್ಡಿನಲ್ಲೇ ನರ್ಸ್. ಆದರೂ ಆ ಮಾತು ಕೇಳಿ ಮಗಳಿಗಿಂತ ಜಾಸ್ತಿ ಅತ್ತವಳು ನಾನೇ.

1962ರಲ್ಲಿ ಬ್ರೇಜಲ್ಟನ್ ಎಂಬ ಅಮೆರಿಕದ ಮಕ್ಕಳ ಡಾಕ್ಟರು 80 ಕೂಸುಗಳ ಅಳುವಿನ ಲೆಕ್ಕವನ್ನು ತಾಯಂದಿರ ಕೈಲೇ ಬರೆಸಿದರು. ಆರು ವಾರದ ಹೊತ್ತಿಗೆ ದಿನಕ್ಕೆ ಸುಮಾರು ಎರಡು ಮುಕ್ಕಾಲು ಗಂಟೆ ಅಳು, ಅದರಲ್ಲಿ ಹೆಚ್ಚಿನದು ಸಂಜೆಯೇ. ಆಮೇಲೆ ಇಳಿಯುತ್ತಾ ಬಂತು. ಇವೆಲ್ಲ ಆರೋಗ್ಯವಾಗಿದ್ದ ಮಕ್ಕಳು! ಹಗಲು ಯಾವುದು, ರಾತ್ರಿ ಯಾವುದು ಎನ್ನುವ ಲಯ ಕೂಸಿನ ಮೈಯಲ್ಲಿ ಕೂರುವುದಕ್ಕೇ ಎರಡು ಮೂರು ತಿಂಗಳು ಬೇಕು.

ಸಂಜೆ ಮಗು ಗಳಿಗೆಗೊಮ್ಮೆ ಮೊಲೆ ಕೇಳುತ್ತದೆ, ಎದೆಯೂ ಮೆತ್ತಗಿರುತ್ತದೆ. ಅಲ್ಲೇ ಅನುಮಾನ ಹುಟ್ಟುವುದು. ಹಾಲು ಸಾಲುತ್ತಿದೆಯಾ ಅಂತ ಅಳು ನೋಡಿ ಹೇಳಲಾಗದು. ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡುತ್ತಿದೆಯಾ, ತೂಕ ಏರುತ್ತಿದೆಯಾ ನೋಡಿ. ಎರಡೂ ಸರಿಯಿದ್ದರೆ ಪುಡಿ ಹಾಲಿನ ಡಬ್ಬಿ ಅಂಗಡಿಯಲ್ಲೇ ಇರಲಿ.

ಇನ್ನು ಮಲಗಿಸುವ ವಿಚಾರ, ರಾಜಿ ಆಗುವುದು ಇಲ್ಲೇ. ಅಜ್ಜಿಯರು ಮಗುವನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಓಡಾಡುತ್ತಾರಲ್ಲ, ಅದನ್ನೇ ಜಪಾನಿನ ರಿಕೆನ್ ಸಂಸ್ಥೆಯವರು 2022ರಲ್ಲಿ ಅಳೆದು ನೋಡಿದರು. ಎತ್ತಿಕೊಂಡು ಐದು ನಿಮಿಷ ನಡೆಯಿರಿ, ನಿಲ್ಲದೆ, ಸಮನಾಗಿ. ನಿದ್ದೆ ಹತ್ತಿದ ಮೇಲೆ ತಕ್ಷಣ ಮಲಗಿಸಬೇಡಿ. ಹಾಗೇ ಎದೆಗೊತ್ತಿಕೊಂಡು ಐದರಿಂದ ಎಂಟು ನಿಮಿಷ ಕೂತಿರಿ. ನಾವೆಲ್ಲ ಎಡವುವುದು ಇಲ್ಲಿ. ಕಣ್ಣು ಮುಚ್ಚಿತು ಅಂತ ಹಾಸಿಗೆಗೆ ಬಗ್ಗುತ್ತೇವೆ, ಮಗು ಪಟ್ಟನೆ ಕಣ್ಣು ಬಿಡುತ್ತದೆ. ಬೆನ್ನು ಹಾಸಿಗೆಗೆ ತಾಗಿದ್ದಕ್ಕಲ್ಲವಂತೆ, ಅಮ್ಮನ ಮೈ ಬಿಡುವ ಆ ಗಳಿಗೆಗೇ ಅದಕ್ಕೆ ಎಚ್ಚರ. ನನ್ನ ಅನುಭವದಲ್ಲಿ, ಮಲಗಿಸಿದ ಮೇಲೂ ಅಂಗೈ ಎದೆಯ ಮೇಲೆ ಹಾಗೇ ಇಟ್ಟು, ಒಂದೊಂದೇ ಬೆರಳು ತೆಗೆಯಬೇಕು. ನಗಬೇಡಿ, ಮಾಡಿ ನೋಡಿ.

ಜಗಳ ಇರುವುದು ಸಾಸಿವೆ ದಿಂಬಿನ ಮೇಲೆ. ತಲೆ ದುಂಡಗಾಗಲಿ ಅಂತ ಇಡುತ್ತೀರಿ, ಗೊತ್ತು. ಆದರೆ ಮಗು ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಬೇಕು, ದಿಂಬಿಲ್ಲದೆ. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಲೇಬೇಡಿ.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಹಸಿರು ವಾಂತಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಅಪ್ಪಂದಿರೇ, ಕೈಕಟ್ಟಿ ಕೂತಿದ್ದೀರಿ, ನಿಮಗೂ ಕೆಲಸ ಇದೆ. ಅಳು ಕೇಳಿ ಕೇಳಿ ತಲೆ ಸಿಡಿಯುವ ಹೊತ್ತು ಎಲ್ಲರಿಗೂ ಬರುತ್ತದೆ. ಆಗ ಮಗುವನ್ನು ಹಿಡಿದು ಅಲುಗಾಡಿಸಿದರೆ ಮಿದುಳಿಗೇ ಪೆಟ್ಟು. ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ, ನೀರು ಕುಡಿಯಿರಿ. ಹೆಂಡತಿಗೆ ಸಾಕಾಗಿದ್ದರೆ ಕೇಳುವವರೆಗೂ ಕಾಯದೆ ಮಗುವನ್ನು ನೀವೇ ಎತ್ತಿಕೊಳ್ಳಿ.

ಪ್ರಶ್ನೆಗಳಿದ್ದರೆ ಕೇಳಿ. ಕೊನೇ ಸಾಲಿನ ತಾಯಿ, ಮಗು ಅತ್ತಿತೆಂದು ಸಂಕೋಚ ಬೇಡಮ್ಮಾ. ಪಕ್ಕದಲ್ಲಿ ಜಗಲಿ ಇದೆ, ಅಲ್ಲೇ ಓಡಾಡಿಸಿ. ಅಲ್ಲಿಗೂ ಮೈಕ್ ಕೇಳಿಸುತ್ತದೆ.