ಕಾರ್ಡೋಬಾದಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ

ನಮಸ್ಕಾರ ಎಲ್ಲರಿಗೂ. ಸ್ಪೇನ್‌ಗೆ ಬರುವ ನಮ್ಮವರ ಪ್ಲಾನ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಬಾರ್ಸಿಲೋನಾ, ಮ್ಯಾಡ್ರಿಡ್, ಆಮೇಲೆ ದಕ್ಷಿಣಕ್ಕೆ ಬಂದು ಸೆವಿಲ್ಲೆ, ಗ್ರನಾಡಾ. ಕಾರ್ಡೋಬಾ ಇದ್ದರೂ ಅರ್ಧ ದಿನಕ್ಕೆ ಅಷ್ಟೇ. ಮ್ಯಾಡ್ರಿಡ್‌ನಿಂದ ಹೈಸ್ಪೀಡ್ ರೈಲಿನಲ್ಲಿ ಇಲ್ಲಿಗೆ ಸುಮಾರು ಒಂದೂಮುಕ್ಕಾಲು ಗಂಟೆ, ಇಲ್ಲಿಂದ ಸೆವಿಲ್ಲೆಗೆ ಮುಕ್ಕಾಲು ಗಂಟೆ. ಹಾಗಾಗಿ ಜನ ಮಧ್ಯದಲ್ಲಿ ಇಳಿದು, ಲಗೇಜ್ ಎಲ್ಲೋ ಇಟ್ಟು, ಓಡೋಡಿ ಬಂದು ದೊಡ್ಡ ಮಸೀದಿ ನೋಡಿ, ನಾಲ್ಕು ಫೋಟೊ ತೆಗೆದು, ಸಂಜೆ ರೈಲಿಗೆ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ರಾತ್ರಿಯಾದರೂ ಇಲ್ಲಿ ಉಳಿಯಿರಿ. ಯಾಕೆ ಅಂತ ತೋರಿಸುತ್ತೇನೆ, ಬನ್ನಿ.

ಉಳಿದುಕೊಂಡರೆ ಸಿಗುವ ಮೊದಲ ಲಾಭ ಬೆಳಗಿನದು. ಮೆಸ್ಕೀತಾ, ಅಂದರೆ ಈಗ ಕೆಥಡ್ರಲ್ ಆಗಿರುವ ಆ ಹಳೆಯ ಮಸೀದಿ, ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ. ಮೊದಲ ಒಂದು ಗಂಟೆ ಟಿಕೆಟ್ ಇಲ್ಲ, ಗೈಡ್ ಹಿಂದೆ ಬರುವ ಗುಂಪುಗಳಿಗೂ ಪ್ರವೇಶ ಇಲ್ಲ. ದುಡ್ಡು ಉಳಿಯುವುದು ಸರಿ, ಆದರೆ ಅದಕ್ಕಿಂತ ದೊಡ್ಡದು ಆ ಹೊತ್ತಿನ ಮೌನ. ಹತ್ತು ಗಂಟೆಯ ಮೇಲೆ ಇದೇ ಜಾಗ ಸಂತೆಯಾಗುತ್ತದೆ. ಹೋಗುವ ಮುಂಚೆ ಸಮಯ ಒಮ್ಮೆ ನೋಡಿಕೊಳ್ಳಿ, ಹಬ್ಬದ ದಿನಗಳಲ್ಲಿ ಬದಲಾಗುತ್ತದೆ.

ಮೊದಲು ಸಿಗುವುದು ಈ ಅಂಗಳ. ಸಾಲಾಗಿ ಕಿತ್ತಳೆ ಮರಗಳು, ಒಂದು ಮರದ ಬುಡದಿಂದ ಇನ್ನೊಂದರ ಬುಡಕ್ಕೆ ನೀರು ಹೋಗಲು ನೆಲದಲ್ಲೇ ಕಡಿದ ಸಣ್ಣ ಕಾಲುವೆಗಳು. ಮಸೀದಿಯಾಗಿದ್ದಾಗ ನಮಾಜಿಗೆ ಮುಂಚೆ ಕೈಕಾಲು ತೊಳೆಯುತ್ತಿದ್ದುದು ಇದೇ ಅಂಗಳದಲ್ಲಿ. ಅಲ್ಲಿ ಕಾಣುತ್ತಿರುವ ಗಂಟೆ ಗೋಪುರ ಇದೆಯಲ್ಲ, ಅದರ ಹೊಟ್ಟೆಯೊಳಗೆ ಹತ್ತನೇ ಶತಮಾನದ ಮಿನಾರ್ ಇದೆ. ಕೆಡವದೆ ಅದರ ಸುತ್ತಲೇ ಹೊಸದನ್ನು ಕಟ್ಟಿದ್ದಾರೆ. ಎತ್ತರ 54 ಮೀಟರ್. ಇದನ್ನು ನೆನಪಿಟ್ಟುಕೊಳ್ಳಿ, ಈ ಊರಿನಲ್ಲಿ ಎಲ್ಲಿ ಹೋದರೂ ಇದೇ ಕಥೆ, ಹಳೆಯದರ ಮೇಲೆ, ಒಳಗೆ, ಪಕ್ಕದಲ್ಲಿ ಹೊಸದು.

ಈಗ ಒಳಗೆ. ಬಿಸಿಲಿನಿಂದ ಬಂದಾಗ ಮೊದಲು ಏನೂ ಕಾಣುವುದಿಲ್ಲ. ಒಂದು ನಿಮಿಷ ಸುಮ್ನೆ ನಿಲ್ಲಿ. ನಿಧಾನವಾಗಿ ಕಂಬಗಳು ಕಾಣಲು ಶುರುವಾಗುತ್ತವೆ, ಒಂದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು, ಯಾವ ಕಡೆ ತಿರುಗಿದರೂ ಕೊನೆಯೇ ಕಾಣುವುದಿಲ್ಲ. ಈಗ ಉಳಿದಿರುವುದು 856 ಕಂಬಗಳು. ಎಲ್ಲರೂ ಮೇಲಿನ ಕೆಂಪು ಬಿಳಿ ಕಮಾನುಗಳ ಫೋಟೊ ತೆಗೆಯುತ್ತಾರೆ, ನಾನೂ ತೆಗೆದೆ. ಆದರೆ ನೀವು ಮೊದಲು ಕೆಳಗೆ ನೋಡಿ. ಕಂಬದ ಬುಡ ನೋಡಿ. ಒಂದಕ್ಕೆ ಪೀಠ ಇದೆ, ಪಕ್ಕದ್ದಕ್ಕೆ ಇಲ್ಲ, ಅದು ನೇರವಾಗಿ ನೆಲಕ್ಕೆ ಇಳಿದುಬಿಟ್ಟಿದೆ. ಒಂದು ಬೂದು ಬಣ್ಣ, ಒಂದು ಗುಲಾಬಿ, ಇನ್ನೊಂದು ಕಪ್ಪಗೆ ಹೊಳೆಯುತ್ತದೆ. ಮೇಲಿನ ಬೋದಿಗೆಗಳೂ ಒಂದೇ ಥರ ಇಲ್ಲ. ಯಾಕೆ ಅಂದರೆ ಮಸೀದಿಯ ಈ ಹಳೆಯ ಭಾಗದ ಕಂಬಗಳನ್ನು ಇಲ್ಲಿಗಾಗಿ ಕಡಿಸಿದ್ದಲ್ಲ. ರೋಮನ್ನರ ಕಾಲದ, ಅವರ ನಂತರ ಇಲ್ಲಿ ಆಳಿದ ವಿಸಿಗಾತ್ ರಾಜರ ಕಾಲದ ಹಳೆಯ ಕಟ್ಟಡಗಳಿಂದ ತಂದು ನಿಲ್ಲಿಸಿದ್ದು. ಉದ್ದ ಬೇರೆ ಬೇರೆ ಇದ್ದುದರಿಂದ ಗಿಡ್ಡ ಕಂಬವನ್ನು ಎತ್ತರಿಸಿ, ಉದ್ದದ್ದನ್ನು ನೆಲದಲ್ಲಿ ಹೂತು ಸಮ ಮಾಡಿದ್ದಾರೆ.

ಇಷ್ಟು ಮಾಡಿದರೂ ಒಂದು ಸಮಸ್ಯೆ ಉಳಿಯಿತು. ಈ ಕಂಬಗಳ ಮೇಲೆ ನೇರವಾಗಿ ಕಮಾನು ಕಟ್ಟಿದರೆ ಇಷ್ಟು ದೊಡ್ಡ ಹಜಾರಕ್ಕೆ ಸೂರು ತೀರಾ ತಗ್ಗಾಗುತ್ತಿತ್ತು, ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಅದಕ್ಕೆ ಆ ಕಾಲದ ಮೇಸ್ತ್ರಿಗಳು ಮಾಡಿದ ಉಪಾಯ ಎಷ್ಟು ಚೆನ್ನಾಗಿದೆ ನೋಡಿ. ಕಂಬದ ತಲೆಯ ಮೇಲೆ ಕಲ್ಲಿನ ಇನ್ನೊಂದು ಚೌಕ ಕಂಬ ನಿಲ್ಲಿಸಿದರು. ಕೆಳಗೆ ಕುದುರೆ ಲಾಳದ ಆಕಾರದ ಒಂದು ಕಮಾನು, ಮೇಲೆ ಅರ್ಧಚಂದ್ರದ ಇನ್ನೊಂದು ಕಮಾನು. ಸೂರಿನ ಭಾರ ಹೊರುವುದು ಮೇಲಿನದು. ಕೆಳಗಿನದರ ಕೆಲಸ ಕಂಬಗಳು ಆಚೆ ಈಚೆ ವಾಲದ ಹಾಗೆ ಹಿಡಿದುಕೊಳ್ಳುವುದು. ಎರಡರ ನಡುವೆ ಗೋಡೆ ಇಲ್ಲ, ಖಾಲಿ, ಅದಕ್ಕೇ ಇಷ್ಟು ದೊಡ್ಡ ಕಟ್ಟಡ ಇಷ್ಟು ಹಗುರವಾಗಿ ಕಾಣುತ್ತದೆ. ಮೇಲಿನ ಕಮಾನುಗಳ ನೆತ್ತಿಯ ಮೇಲೆ ಮಳೆನೀರು ಹರಿಯುವ ಕಾಲುವೆಗಳಿವೆ. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮತ್ತೆ ಇಟ್ಟಿಗೆ, ಮತ್ತೆ ಕಲ್ಲು. ಹಳೆಯ ಸಾಮಾನು ಜೋಡಿಸಿ ಮಾಡಿದ್ದು ಅಂತ ಯಾರಾದರೂ ಹೇಳದೆ ಇದ್ದರೆ ಗೊತ್ತೇ ಆಗುವುದಿಲ್ಲ, ಅಲ್ವಾ?

ಇದನ್ನು ಕಟ್ಟಿಸಲು ಶುರು ಮಾಡಿದವನು ಒಂದನೇ ಅಬ್ದ್ ಅಲ್ ರಹಮಾನ್. ಡಮಾಸ್ಕಸ್‌ನ ಉಮಯ್ಯದ್ ರಾಜಮನೆತನದವನು. 750ರಲ್ಲಿ ಅಬ್ಬಾಸಿದರು ಅನ್ನುವ ಇನ್ನೊಂದು ಮನೆತನದವರು ಅಧಿಕಾರ ಕಿತ್ತುಕೊಂಡು ಅವನ ಮನೆಯವರನ್ನು ಹುಡುಕಿ ಹುಡುಕಿ ಕೊಂದರು. ಇವನು ಇನ್ನೂ ಹುಡುಗ, ತಪ್ಪಿಸಿಕೊಂಡು ಉತ್ತರ ಆಫ್ರಿಕಾ ದಾಟಿ ಇಲ್ಲಿಗೆ ಬಂದು 756ರಲ್ಲಿ ಕಾರ್ಡೋಬಾ ಗೆದ್ದ. ಮಸೀದಿಯ ಕೆಲಸ ಶುರುವಾಗಿದ್ದು ಅವನ ಕೊನೆಯ ದಿನಗಳಲ್ಲಿ, ಸುಮಾರು 785ರಲ್ಲಿ. ಊರಾಚೆ ಅವನು ಒಂದು ತೋಟದ ಮನೆ ಕಟ್ಟಿಸಿಕೊಂಡು ಅದಕ್ಕೆ ಸಿರಿಯಾದಲ್ಲಿ ಅಜ್ಜನಿಗೆ ಇದ್ದ ಅರಮನೆಯ ಹೆಸರೇ ಇಟ್ಟಿದ್ದ, ರುಸಾಫಾ ಅಂತ. ಮತ್ತೆ ಸಿರಿಯಾಕ್ಕೆ ಅವನು ಹೋಗಲೇ ಇಲ್ಲ.

ಆಮೇಲೆ ಊರು ಬೆಳೆದ ಹಾಗೆ ಮಸೀದಿಯೂ ಬೆಳೆಯಿತು, ಒಬ್ಬೊಬ್ಬ ರಾಜ ಒಂದಷ್ಟು ಸೇರಿಸುತ್ತಾ ಹೋದ. ನದಿ ಕಡೆಗೆ ನಡೆಯುತ್ತಾ ಹೋದರೆ ಈ ಮಿಹ್ರಾಬ್ ಸಿಗುತ್ತದೆ, ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡು. ಎರಡನೇ ಅಲ್ ಹಕಮ್ 960ರ ದಶಕದಲ್ಲಿ ಮಾಡಿಸಿದ್ದು. ಬಂಗಾರದ ಬಣ್ಣದ ಸಣ್ಣ ಸಣ್ಣ ಗಾಜಿನ ಚೂರುಗಳಿವೆಯಲ್ಲ, ಇದಕ್ಕೆ ಬೇಕಾದ ಚೂರುಗಳನ್ನೂ ಕೆಲಸ ಗೊತ್ತಿದ್ದ ಕುಶಲಕರ್ಮಿಯನ್ನೂ ಬೈಜಾಂಟಿಯಮ್‌ನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಕ್ರೈಸ್ತ ಚಕ್ರವರ್ತಿ ಕಳಿಸಿಕೊಟ್ಟಿದ್ದ. ಮೇಲಿನ ಗುಮ್ಮಟದಲ್ಲಿ ಕಲ್ಲಿನ ಪಟ್ಟಿಗಳು ಒಂದನ್ನೊಂದು ದಾಟಿಕೊಂಡು ನಕ್ಷತ್ರದ ಆಕಾರ ಮಾಡಿವೆ. ಕಟಕಟೆಯ ಈಚೆಯಿಂದಲೇ ನೋಡಬೇಕು. ಬೆಳಕು ಬಿದ್ದಾಗ ಒಂದೊಂದು ಚೂರೂ ಬೇರೆ ಬೇರೆ ಹೊಳೆಯುತ್ತದೆ. ಕ್ಯಾಮೆರಾದಲ್ಲಿ ಅದು ಸಿಗುವುದಿಲ್ಲ, ಎಷ್ಟು ಸಲ ತೆಗೆದರೂ ಸಿಗಲಿಲ್ಲ.

ಈಗ ಒಂದು ವಿಷಯ ಗಮನಿಸಿ. ಮಿಹ್ರಾಬ್ ಕಟ್ಟಡದ ನಡುವೆ ಇಲ್ಲ. ಕಾರಣ ಅಲ್ ಮನ್ಸೂರ್ ಅನ್ನುವ ಮಂತ್ರಿ. 987ರ ಹೊತ್ತಿಗೆ ಅವನು ಕೊನೆಯ ಸಲ ಮಸೀದಿ ದೊಡ್ಡದು ಮಾಡಲು ಹೊರಟಾಗ ದಕ್ಷಿಣಕ್ಕೆ ಜಾಗವೇ ಇರಲಿಲ್ಲ, ಅಲ್ಲಿ ನದಿ. ಹಾಗಾಗಿ ಪೂರ್ವಕ್ಕೆ ಎಂಟು ಸಾಲು ಸೇರಿಸಿದ, ನಡು ತಪ್ಪಿತು. ಅವನ ಭಾಗವನ್ನು ಕಂಡುಹಿಡಿಯುವುದು ಸುಲಭ. ಕಮಾನನ್ನು ಹತ್ತಿರದಿಂದ ನೋಡಿ, ಇಲ್ಲಿ ಕೆಂಪು ಅನ್ನುವುದು ಇಟ್ಟಿಗೆ ಅಲ್ಲ, ಕಲ್ಲಿಗೆ ಹಚ್ಚಿದ ಬಣ್ಣ. ಅಲ್ಲಲ್ಲಿ ಮಾಸಿದೆ. ಕಂಬಗಳೂ ಒಂದೇ ಅಳತೆ, ಹೊಸದಾಗಿ ಕಡಿಸಿದ್ದು. ನನಗೆ ಹಳೆಯ ಭಾಗವೇ ಹೆಚ್ಚು ಇಷ್ಟ. 2025ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಿದ್ದು ಈ ಪೂರ್ವದ ಕಡೆಯೇ. ಒಂದು ಚಾಪೆಲ್‌ನ, ಅಂದರೆ ಚರ್ಚಿನೊಳಗಿನ ಸಣ್ಣ ಪ್ರಾರ್ಥನಾ ಕೋಣೆಯ, ಸೂರು ಹೋಯಿತು, ಅಗ್ನಿಶಾಮಕ ದಳದವರು ರಾತ್ರಿಯೇ ಆರಿಸಿ ಉಳಿದದ್ದನ್ನು ಕಾಪಾಡಿದರು. ಸುದ್ದಿ ನೋಡಿದಾಗ ಎದೆ ಧಸಕ್ ಅಂದಿತ್ತು.

1236ರಲ್ಲಿ ಕ್ಯಾಸ್ಟೀಲ್ ಅನ್ನುವ ಕ್ರೈಸ್ತ ರಾಜ್ಯದ ರಾಜ ಮೂರನೇ ಫರ್ನಾಂಡೊ ಊರನ್ನು ಗೆದ್ದ. ಮಸೀದಿ ಕೆಥಡ್ರಲ್ ಆಯಿತು. ಆದರೆ ಮುಂದಿನ ಮುನ್ನೂರು ವರ್ಷ ಕಟ್ಟಡವನ್ನು ಜಾಸ್ತಿ ಮುಟ್ಟಲಿಲ್ಲ, ಅಲ್ಲಿ ಇಲ್ಲಿ ಚಾಪೆಲ್ ಮಾಡಿಕೊಂಡು ಬಳಸಿದರು. 1523ರಲ್ಲಿ ಬಿಷಪ್ ನಡುವಿನ ಕಂಬಗಳನ್ನು ತೆಗೆಸಿ ದೊಡ್ಡ ಕೆಥಡ್ರಲ್ ಎಬ್ಬಿಸಲು ಹೊರಟಾಗ ವಿರೋಧ ಮಾಡಿದವರು ಯಾರು ಗೊತ್ತಾ? ಊರಿನ ನಗರಸಭೆಯ ಕ್ರೈಸ್ತರೇ. ಚಕ್ರವರ್ತಿಯ ತೀರ್ಮಾನ ಬರುವವರೆಗೆ ಕೆಡವುವ ಕೆಲಸಕ್ಕೆ ಕೈ ಹಾಕಿದವರಿಗೆ ಮರಣದಂಡನೆ ಅಂತ ಡಂಗುರ ಸಾರಿದ್ದರು. ಇಂಥ ಕಟ್ಟಡ ಇನ್ನೊಂದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಆದರೂ ಚಕ್ರವರ್ತಿ ಐದನೇ ಚಾರ್ಲ್ಸ್ ಬಿಷಪ್ ಪರ ನಿಂತ. ಕೆಲಸ ಮುಗಿಯಲು ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಕಂಬಗಳ ಆ ಮಬ್ಬಿನಿಂದ ಇದ್ದಕ್ಕಿದ್ದಂತೆ ಈ ಬಿಳಿ ಎತ್ತರಕ್ಕೆ ಬರುತ್ತೇವೆ. ಕುಸುರಿ ಕೆಲಸ ಅದ್ಭುತವಾಗಿದೆ, ಮಹಾಗನಿ ಮರದ ಆಸನಗಳ ಕೆತ್ತನೆ ಮುಂದೆ ನಾನು ಎಷ್ಟೋ ಹೊತ್ತು ನಿಂತಿದ್ದೆ. ಆದರೂ ನಾನು ಆ ನಗರಸಭೆಯವರ ಪಕ್ಷ. ಇದನ್ನು ಬೇರೆ ಎಲ್ಲಾದರೂ ಕಟ್ಟಬಹುದಿತ್ತು.

ಹೊರಗೆ ಬರುವ ಮುಂಚೆ ಇನ್ನೊಂದು. ಇಲ್ಲೇ ಒಂದು ಚಾಪೆಲ್‌ನಲ್ಲಿ ಇಂಕಾ ಗಾರ್ಸಿಲಾಸೊನ ಸಮಾಧಿ ಇದೆ. ಅಪ್ಪ ಪೆರು ದೇಶವನ್ನು ಗೆಲ್ಲಲು ಹೋದ ಸ್ಪೇನ್ ಸೈನಿಕ, ಅಮ್ಮ ಇಂಕಾ ರಾಜಮನೆತನದವಳು. 1539ರಲ್ಲಿ ಕುಸ್ಕೊದಲ್ಲಿ ಹುಟ್ಟಿ, ಅಮ್ಮನ ಜನರ ಇತಿಹಾಸವನ್ನು ಸ್ಪ್ಯಾನಿಷ್‌ನಲ್ಲಿ ಬರೆದು, 1616ರಲ್ಲಿ ಈ ಊರಿನಲ್ಲಿ ತೀರಿಕೊಂಡ.

ಮಧ್ಯಾಹ್ನ ತಿರುಗಾಡಬೇಡಿ. ಯುರೋಪಿನಲ್ಲೇ ಅತಿ ಸೆಕೆಯ ಊರುಗಳಲ್ಲಿ ಇದೂ ಒಂದು, ಬೇಸಿಗೆಯಲ್ಲಿ 46.9 ಡಿಗ್ರಿ ದಾಖಲಾಗಿದೆ. ಎರಡರಿಂದ ಐದರವರೆಗೆ ಬೀದಿ ಖಾಲಿ. ಆಗ ಊಟಕ್ಕೆ ಕೂರಬೇಕು. ಸಾಲ್ಮೊರೇಹೊ ಅಂತ ಕೇಳಿ. ಟೊಮೆಟೊ, ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ನುಣ್ಣಗೆ ರುಬ್ಬಿ ತಣ್ಣಗೆ ಕೊಡುತ್ತಾರೆ, ಸ್ಪೂನ್ ನಿಲ್ಲುವಷ್ಟು ಗಟ್ಟಿ. ಮೇಲೆ ಮೊಟ್ಟೆ, ಹಂದಿ ಮಾಂಸದ ಚೂರು ಉದುರಿಸುತ್ತಾರೆ, ಸಸ್ಯಾಹಾರಿಗಳು 'ಸಿನ್ ಹಮೋನ್, ಸಿನ್ ಹುಯೆವೊ' ಅಂತ ಮೊದಲೇ ಹೇಳಿಬಿಡಿ. ಅದರ ಜೊತೆ ಕರಿದ ಬದನೆಕಾಯಿ, ಮೇಲೆ ಕಬ್ಬಿನ ಪಾಕ. ಆ ಪಾಕ ಥೇಟ್ ನಮ್ಮ ಜೋನಿಬೆಲ್ಲ! ಬದನೆಯೂ ಕಬ್ಬೂ ಪೂರ್ವದಿಂದ, ನಮ್ಮ ದೇಶವನ್ನೂ ಹಾದು, ಅರಬ್ಬರ ಕೈಯಲ್ಲಿ ಇಲ್ಲಿಗೆ ಬಂದ ಬೆಳೆಗಳು. ಒಂದು ತಟ್ಟೆ ಸಾಲಲಿಲ್ಲ ನಮಗೆ.

ಬಿಸಿಲು ಇಳಿದ ಮೇಲೆ ಯಹೂದಿಗಳ ಕೇರಿ. ಬಿಳಿ ಗೋಡೆ, ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಸಣ್ಣ ಓಣಿ. ಇಲ್ಲಿರುವ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1315ರದ್ದು, ಒಂದು ಕೋಣೆಯಷ್ಟೇ, ಆದರೆ ಗೋಡೆಯ ಗಾರೆಯಲ್ಲಿ ಹೀಬ್ರೂ ಅಕ್ಷರಗಳನ್ನು ಇನ್ನೂ ಓದಬಹುದು. 1492ರಲ್ಲಿ ಯಹೂದಿಗಳನ್ನು ದೇಶದಿಂದ ಹೊರಗಟ್ಟಿದ ಮೇಲೆ ಇದು ಹುಚ್ಚುನಾಯಿ ಕಚ್ಚಿದವರ ಆಸ್ಪತ್ರೆಯಾಯಿತು, ಆಮೇಲೆ ಚಪ್ಪಲಿ ಹೊಲಿಯುವವರ ಸಂಘದ ಚಾಪೆಲ್ ಆಯಿತು. 1884ರಲ್ಲಿ ಮೇಲೆ ಬಳಿದಿದ್ದ ಗಾರೆ ಉದುರಿದಾಗ ಒಳಗಿನ ಅಕ್ಷರ ಕಂಡವು. ಹತ್ತಿರದಲ್ಲೇ ಕೂತಿರುವ ಪ್ರತಿಮೆ ಮೈಮೋನಿಡೀಸ್‌ನದು, ಯಹೂದಿಗಳ ದೊಡ್ಡ ಪಂಡಿತ, ವೈದ್ಯ. ಹುಟ್ಟಿದ್ದು ಇಲ್ಲೇ. ಹುಡುಗನಾಗಿದ್ದಾಗ ಬೇರೆ ಧರ್ಮದವರನ್ನು ಸಹಿಸದ ಆಡಳಿತ ಬಂದು ಮನೆಯವರು ಊರು ಬಿಟ್ಟರು, ತೀರಿಕೊಂಡಿದ್ದು ಈಜಿಪ್ಟ್‌ನಲ್ಲಿ. ಅರಿಸ್ಟಾಟಲ್‌ನಿಗೆ ಭಾಷ್ಯ ಬರೆದು ಯುರೋಪಿನ ವಿಶ್ವವಿದ್ಯಾಲಯಗಳಿಗೆಲ್ಲ ಪಾಠವಾದ ಇಬ್ನ್ ರುಶ್ದ್ ಕೂಡ ಇದೇ ಊರಿನವನು, 1126ರಲ್ಲಿ ಹುಟ್ಟಿದ್ದು.

ಇಲ್ಲಿಂದ ಸ್ವಲ್ಪ ನಡೆದರೆ ಸ್ಯಾನ್ ಬಸೀಲಿಯೊ ಬೀದಿಗಳು, ಮನೆಯೊಳಗಿನ ಅಂಗಳಗಳಿಗೆ ಹೆಸರಾದ ಜಾಗ. ನೆಲಕ್ಕೆ ಉರುಟು ಕಲ್ಲು, ಮೂಲೆಯಲ್ಲಿ ಬಾವಿ, ಗೋಡೆ ತುಂಬಾ ಹೂಕುಂಡ. ಇದು ಬರೀ ಅಂದಕ್ಕಲ್ಲ, ನೆಲಕ್ಕೆ ನೀರು ಹಾಕಿ ನೆರಳು ಮಾಡಿಕೊಂಡರೆ ಆ ಸೆಕೆಯಲ್ಲೂ ಮನೆ ತಣ್ಣಗಿರುತ್ತದೆ. ಈ ಅಜ್ಜಿಯನ್ನು ನೋಡಿ. ಉದ್ದದ ಕೋಲಿನ ತುದಿಗೆ ಒಂದು ಡಬ್ಬಿ ಕಟ್ಟಿಕೊಂಡು, ಎರಡನೇ ಮಹಡಿಯ ಎತ್ತರದ ಕುಂಡಕ್ಕೆ ಒಂದು ಹನಿ ಚೆಲ್ಲದೆ ನೀರು ಹಾಕುತ್ತಿದ್ದಾರೆ. ಬೇಸಿಗೆಯಲ್ಲಿ ದಿನಾ ಇದೇ ಕೆಲಸ. ಮೇ ತಿಂಗಳಲ್ಲಿ ಅಂಗಳಗಳ ಸ್ಪರ್ಧೆ ನಡೆಯುತ್ತದೆ, ಮೊದಲು ನಡೆದಿದ್ದು 1921ರಲ್ಲಿ. ಆಗ ಎಷ್ಟೋ ಮನೆಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. 2012ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಒಳಗೆ ಹೋದರೆ ದನಿ ತಗ್ಗಿಸಿ, ಅದು ಜನ ಬಾಳುತ್ತಿರುವ ಮನೆ.

ರಾತ್ರಿ ಗ್ವಾದಲ್‌ಕಿವೀರ್ ನದಿಯ ರೋಮನ್ ಸೇತುವೆ. ಅಡಿಪಾಯ ರೋಮನ್ನರದು, ಮೇಲಿನದು ಎಷ್ಟೋ ಸಲ ಕಟ್ಟಿ ರಿಪೇರಿ ಮಾಡಿದ್ದು. ವಾಹನ ಇಲ್ಲ. ದಿನದ ಟೂರಿಸ್ಟ್‌ಗಳೆಲ್ಲ ಹೊರಟ ಮೇಲೆ ಊರಿನವರು ಮಕ್ಕಳನ್ನು ಕರೆದುಕೊಂಡು ವಾಕಿಂಗ್ ಬರುತ್ತಾರೆ. ಆಚೆ ದಡದವರೆಗೆ ನಡೆದು ಹಿಂತಿರುಗಿ ನೋಡಿ.

ಮಾರನೇ ದಿನ ಬೆಳಿಗ್ಗೆ ಮದೀನಾ ಅಸಹಾರಾ. ಊರಿನಿಂದ ಪಶ್ಚಿಮಕ್ಕೆ ಸುಮಾರು 8 ಕಿಲೊಮೀಟರ್. ಮೂರನೇ ಅಬ್ದ್ ಅಲ್ ರಹಮಾನ್ ತನ್ನನ್ನು ಖಲೀಫ ಅಂತ ಘೋಷಿಸಿಕೊಂಡ ಮೇಲೆ 936ರ ಸುಮಾರಿಗೆ ಬೆಟ್ಟದ ಬುಡದಲ್ಲಿ ಹೊಸ ರಾಜಧಾನಿಯನ್ನೇ ಕಟ್ಟಲು ಹೊರಟ. ನೂರು ವರ್ಷವೂ ಉಳಿಯಲಿಲ್ಲ, ಒಳಜಗಳದಲ್ಲಿ ಲೂಟಿಯಾಯಿತು. ಅಗೆದು ತೆಗೆದಿರುವುದು ಇನ್ನೂ ಸಣ್ಣ ಭಾಗ ಮಾತ್ರ, ಉಳಿದದ್ದು ಹುಲ್ಲಿನ ಕೆಳಗೇ ಇದೆ. 2018ರಲ್ಲಿ ವಿಶ್ವ ಪರಂಪರೆಯ ತಾಣ ಆಯಿತು. ಮೊದಲು ಕೆಳಗಿನ ಮ್ಯೂಸಿಯಂ ನೋಡಿ, ಅಲ್ಲಿಂದ ಬಸ್ಸಿನಲ್ಲಿ ಮೇಲೆ ಹೋಗಿ. ನೀರು, ಟೋಪಿ ಬೇಕೇ ಬೇಕು, ಮೇಲೆ ನೆರಳಿಲ್ಲ. ಸೋಮವಾರ ಮುಚ್ಚಿರುತ್ತದೆ, ರೈಲು ಟಿಕೆಟ್ ತೆಗೆಯುವ ಮುಂಚೆ ವಾರ ನೋಡಿಕೊಳ್ಳಿ.