ಒಮ್ಮೆಯೂ ಓಡದ ಸಾರೋಟು

ನಮಸ್ಕಾರ. ಈ ಸಾರೋಟಿನ ಚಕ್ರಗಳನ್ನು ಸ್ವಲ್ಪ ನೋಡಿ. ವಯಸ್ಸು 150 ದಾಟಿದೆ. ಆದರೂ ಶೋರೂಮಿನಿಂದ ನಿನ್ನೆ ಇಳಿಸಿದ ಹಾಗಿದೆ, ಅಲ್ವಾ? ಯಾರನ್ನು ಕೂರಿಸಿಕೊಳ್ಳಲು ಇದನ್ನು ಮಾಡಿಸಿದರೋ ಆತ ಇದರಲ್ಲಿ ಕೂರಲೇ ಇಲ್ಲ.

ನಾನಿರುವುದು ಫ್ರಾನ್ಸಿನ ಶಾಂಬೋರ್ ಅರಮನೆಯಲ್ಲಿ. ಪ್ಯಾರಿಸ್ಸಿನಿಂದ ಬ್ಲುವಾ ಊರಿನ ತನಕ ರೈಲು, ಅಲ್ಲಿಂದ ಬಸ್ಸು. ಇಲ್ಲಿಗೆ ಬಂದವರೆಲ್ಲ ಮೊದಲು ಹೋಗುವುದು ಆ ಜೋಡಿ ಸುರುಳಿ ಮೆಟ್ಟಿಲಿನ ಹತ್ತಿರ. ಒಬ್ಬರು ಹತ್ತುತ್ತಾ ಇನ್ನೊಬ್ಬರು ಇಳಿಯುತ್ತಾ ಇದ್ದರೂ ಎದುರಾಗುವುದಿಲ್ಲ. ನಾನೂ ಹತ್ತಿದೆ, ವಿಡಿಯೊ ಮಾಡಿದೆ, ಆಯ್ತು. ಆದರೆ ಈ ಸಾರೋಟುಗಳ ಮುಂದೆ ಬಂದು ನಿಂತವನು ಅರ್ಧ ಗಂಟೆ ಕದಲಲಿಲ್ಲ.

ಇವನ್ನು ಮಾಡಿಸಿದ್ದು 1871ರಲ್ಲಿ. ಆಗಷ್ಟೇ ಫ್ರಾನ್ಸ್ ಜರ್ಮನ್ನರ ರಾಜ್ಯವಾದ ಪ್ರಶ್ಯದ ಕೈಯಲ್ಲಿ ಯುದ್ಧ ಸೋತಿತ್ತು. ಚಕ್ರವರ್ತಿ ಮೂರನೇ ನೆಪೋಲಿಯನ್ನನ ಕಾಲ ಮುಗಿದಿತ್ತು. ಚುನಾವಣೆ ನಡೆದರೆ ಗೆದ್ದವರಲ್ಲಿ ಜಾಸ್ತಿ ಜನ ‘ರಾಜನೇ ಬರಲಿ’ ಅನ್ನುವವರು! ರಾಜ ಯಾರು ಅಂತ ಹುಡುಕುವ ಕಷ್ಟವೂ ಇರಲಿಲ್ಲ. ಹಳೇ ಬೂರ್ಬನ್ ರಾಜಮನೆತನದ ಕುಡಿ ಹೆನ್ರಿ ಇದ್ದ. ಹುಟ್ಟುವ ಮೊದಲೇ ಅಪ್ಪನ ಕೊಲೆಯಾಗಿತ್ತು. ಮಗು ಹುಟ್ಟಿದ ಖುಷಿಗೆ ದೇಣಿಗೆ ಎತ್ತಿ ಈ ಅರಮನೆಯನ್ನೇ ಕೊಂಡು ಉಡುಗೊರೆ ಕೊಟ್ಟಿದ್ದರು. 1830ರಲ್ಲಿ ಕ್ರಾಂತಿಯಾಗಿ ಅಜ್ಜ ಹತ್ತನೇ ಚಾರ್ಲ್ಸ್ ಸಿಂಹಾಸನ ಬಿಟ್ಟು ಹೊರಟಾಗ ಹುಡುಗನಿಗೆ ಇನ್ನೂ ಹತ್ತು ತುಂಬಿರಲಿಲ್ಲ. ಅಲ್ಲಿಂದ ಮುಂದಿನ ನಲವತ್ತು ವರ್ಷ ಪರದೇಶವಾಸ.

ಈಗ ಬಾಗಿಲು ತೆರೆದಿದೆ. ‘ಬಾರಪ್ಪಾ, ಕೂತ್ಕೋ’ ಅಂತಿದ್ದಾರೆ. ಬಂದು ಕೂರುವುದಷ್ಟೇ ಬಾಕಿ.

ಹೆನ್ರಿ ಬಂದ. ಇದೇ ಶಾಂಬೋರಿಗೆ. 1871ರ ಜುಲೈ 5ರಂದು ಇಲ್ಲಿಂದಲೇ ಒಂದು ಪ್ರಕಟಣೆ ಹೊರಡಿಸಿದ. ನೀಲಿ, ಬಿಳಿ, ಕೆಂಪಿನ ತ್ರಿವರ್ಣ ಬಾವುಟ ನನಗೆ ಬೇಡ. ನನ್ನ ಪೂರ್ವಜ ನಾಲ್ಕನೇ ಹೆನ್ರಿಯ ಬಿಳಿ ಬಾವುಟವನ್ನು ನಾನು ಬಿಡುವುದಿಲ್ಲ. ಇದಿಷ್ಟು ಅದರ ಸಾರ.

ಅವನನ್ನು ಕರೆತರಲು ಓಡಾಡಿದವರೇ ತಲೆ ಮೇಲೆ ಕೈ ಹೊತ್ತು ಕೂತರು. ಯಾಕೆಂದರೆ ತ್ರಿವರ್ಣ ಆಗ ಬರೀ ಕ್ರಾಂತಿಕಾರರ ಬಾವುಟವಾಗಿ ಉಳಿದಿರಲಿಲ್ಲ. ಮೊದಲನೇ ನೆಪೋಲಿಯನ್ನನ ಸೈನ್ಯ ಅದನ್ನು ಹಿಡಿದು ಯುರೋಪನ್ನೇ ಸುತ್ತಿತ್ತು. 1848ರಲ್ಲಿ ಪ್ಯಾರಿಸ್ಸಿನ ಜನ ಕೆಂಪು ಬಾವುಟ ಬೇಕೆಂದು ಹಟ ಹಿಡಿದಾಗ, ಕವಿ ಲಾಮಾರ್ಟಿನ್ ನಗರಸಭೆಯ ಮುಂದೆ ನಿಂತು ವಾದ ಮಾಡಿ ತ್ರಿವರ್ಣವನ್ನೇ ಉಳಿಸಿದ್ದ. ಮೊನ್ನೆ ಮೊನ್ನೆ ಪ್ರಶ್ಯದ ಗುಂಡಿಗೆ ಸತ್ತ ಸೈನಿಕರೂ ಇದೇ ಬಾವುಟದ ಕೆಳಗೆ ಸತ್ತವರು. ಅವರ ಮನೆಯವರಿಗೆ ‘ಇವತ್ತಿಂದ ಬಿಳಿ’ ಅಂತ ಹೇಗೆ ಹೇಳುವುದು? ಸೈನ್ಯವಂತೂ ಒಪ್ಪುವ ಮಾತೇ ಇರಲಿಲ್ಲ.

ರಾಜಿಗೆ ಏನೆಲ್ಲ ಪ್ರಯತ್ನ ನಡೆಯಿತು ಗೊತ್ತಾ? ತ್ರಿವರ್ಣದ ಮೇಲೆ ರಾಜಮನೆತನದ ಲಿಲಿ ಹೂವಿನ ಗುರುತು ಹಾಕೋಣ ಅಂದರು. ಅರಮನೆಗೆ ಬಿಳಿ, ದೇಶಕ್ಕೆ ತ್ರಿವರ್ಣ ಇರಲಿ ಅಂದರು. ಮದುವೆ ಮಾತುಕತೆಯಲ್ಲಿ ಎರಡೂ ಕಡೆಯ ಹಿರಿಯರು ಒದ್ದಾಡುತ್ತಾರಲ್ಲ, ಹಾಗೆ. ಹೆನ್ರಿ ಜಪ್ಪಯ್ಯ ಅನ್ನಲಿಲ್ಲ.

ಹಟಮಾರಿ, ಪೆದ್ದ ಅಂತ ಅವನನ್ನು ನೋಡಿ ನಗುವವರೇ ಜಾಸ್ತಿ. ನಾನೂ ಮೊದಲು ನಕ್ಕೆ. ಆಮೇಲೆ ಅವನ ದೊಡ್ಡಜ್ಜ, ಅಂದರೆ ಅಜ್ಜನ ಅಣ್ಣ, ನೆನಪಾದ. ಹದಿನಾರನೇ ಲೂಯಿ.

1789ರ ಜುಲೈನಲ್ಲಿ ಬಾಸ್ತೀಯ್ ಕೋಟೆ ಬಿದ್ದ ಮೂರನೇ ದಿನ ಲೂಯಿ ಪ್ಯಾರಿಸ್ ನಗರಸಭೆಗೆ ಬಂದು, ಜನ ಕೊಟ್ಟ ಬಣ್ಣದ ರಿಬ್ಬನ್ ಹೂವನ್ನು ಹ್ಯಾಟಿಗೆ ಸಿಕ್ಕಿಸಿಕೊಂಡ. ನೀಲಿ ಮತ್ತು ಕೆಂಪು ಪ್ಯಾರಿಸ್ಸಿನ ಬಣ್ಣಗಳು. ಅವುಗಳ ಜೊತೆಗೆ ರಾಜನ ಬಿಳಿ ಸೇರಿ ತ್ರಿವರ್ಣವಾಯಿತು. 1792ರ ಜೂನ್ 20ರಂದು ಜನ ಅರಮನೆಗೇ ನುಗ್ಗಿದಾಗ, ಕ್ರಾಂತಿಯ ಕೆಂಪು ಟೋಪಿಯನ್ನೂ ತಲೆಗಿಟ್ಟುಕೊಂಡ. ರೋಮ್‌ನಲ್ಲಿ ಬಿಡುಗಡೆಯಾದ ಗುಲಾಮರು ಹಾಕುತ್ತಿದ್ದ ಟೋಪಿಯ ನೆನಪಿಗೆ ಬಂದದ್ದು ಆ ಕೆಂಪು ಟೋಪಿ. ಸ್ವಾತಂತ್ರ್ಯದ ಗುರುತು. ನಮ್ಮಲ್ಲಿ ಟೋಪಿ ಹಾಕೋದು ಅಂದರೆ ಅರ್ಥವೇ ಬೇರೆ ಬಿಡಿ. ಆದರೆ ಅವತ್ತು ಯಾರು ಯಾರಿಗೆ ಟೋಪಿ ಹಾಕಿದರು ಅನ್ನುವುದೂ ಯೋಚಿಸಬೇಕಾದ ವಿಷಯವೇ! ಏಳು ತಿಂಗಳಿಗೆ, 1793ರ ಜನವರಿ 21ಕ್ಕೆ, ಟೋಪಿ ಹೊತ್ತ ಆ ತಲೆಯೇ ಗಿಲೊಟಿನ್ನಿಗೆ ಹೋಯಿತು.

ಬೇರೆಯವರ ಗುರುತು ತೊಟ್ಟುಕೊಂಡು ದೊಡ್ಡಜ್ಜನ ತಲೆ ಉಳಿಯಲಿಲ್ಲ. ಮನೆಯಲ್ಲಿ ಇದನ್ನು ಕೇಳಿಕೊಂಡೇ ಬೆಳೆದ ಮೊಮ್ಮಗನಿಗೆ ‘ಬರೀ ಬಟ್ಟೆ ತಾನೇ, ಒಪ್ಪಿಕೋ’ ಅಂದರೆ ಒಪ್ಪುತ್ತಾನಾ?

ಆ ಕೆಂಪು ಟೋಪಿಯ ವಿಷಯ ಬಂದಾಗ ಶ್ರೀರಂಗಪಟ್ಟಣ ನೆನಪಾಗದೆ ಇರಲ್ಲ. 1797ರಲ್ಲಿ ಟಿಪ್ಪುವಿನ ರಾಜಧಾನಿಯಲ್ಲಿದ್ದ ಫ್ರೆಂಚರು ಕ್ಲಬ್ ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟು, ಅದರ ತುದಿಗೆ ಇಂಥದೇ ಟೋಪಿ ಇಟ್ಟರು ಅಂತ ಬ್ರಿಟಿಷರು ಪ್ರಕಟಿಸಿದ ಕಾಗದಗಳು ಹೇಳುತ್ತವೆ. ಟಿಪ್ಪುವನ್ನೂ ‘ನಾಗರಿಕ ಟಿಪ್ಪು’ ಅಂತ ಕರೆದರಂತೆ. ರಾಜರೇ ಬೇಡ ಅನ್ನುವವರು ಒಬ್ಬ ಸುಲ್ತಾನನ ಊರಲ್ಲಿ! ಆ ಕಾಗದಗಳನ್ನು ಅನುಮಾನದಿಂದ ನೋಡುವ ಇತಿಹಾಸಕಾರರೂ ಇದ್ದಾರೆ. ಟಿಪ್ಪುವಿನ ಮೇಲೆ ಯುದ್ಧಕ್ಕೆ ನೆಪ ಬೇಕಾಗಿದ್ದವರು ಹೊರತಂದ ಕಾಗದಗಳಲ್ವಾ?

ಇರಲಿ, ಹೆನ್ರಿಯ ಕಡೆಗೆ ಬರೋಣ. ಅವನ ಮನೆಯವರೆಲ್ಲ ಅವನಷ್ಟು ಕಟ್ಟುನಿಟ್ಟಿನವರಲ್ಲ. ಪ್ಯಾರಿಸ್ಸಿನಲ್ಲಿ ಈಗ ಮ್ಯೂಸಿಯಮ್ ಆಗಿರುವ ಲೂವ್ರ್ ಅರಮನೆಗೆ ಹೋದರೆ ಪೂರ್ವ ದಿಕ್ಕಿನ ಕಂಬಸಾಲಿನ ಮೇಲೆ ಕಣ್ಣಾಡಿಸಿ. ಅಲ್ಲಿ ಮೊದಲು ಇದ್ದದ್ದು ನೆಪೋಲಿಯನ್ನನ ತಲೆ. ಅವನು ಬಿದ್ದು ಬೂರ್ಬನ್ನರು ವಾಪಸ್ ಬಂದ ಮೇಲೆ ಅದನ್ನೇ ಹದಿನಾಲ್ಕನೇ ಲೂಯಿ ಮಾಡಿಬಿಟ್ಟರು. ಕಲ್ಲಿನಲ್ಲೇ ವಿಗ್ ತೊಡಿಸಿ! ಖರ್ಚೂ ಕಮ್ಮಿ, ಕೆಲಸವೂ ಆಯಿತು.

ಹೆನ್ರಿಗೆ ಅಂಥ ಜಾಣತನ ಬರಲಿಲ್ಲ. 1873ರ ಅಕ್ಟೋಬರಿನಲ್ಲಿ ಇನ್ನೇನು ಎಲ್ಲ ಕುದುರಿತು ಅನ್ನುವಾಗ ಮತ್ತೆ ಪತ್ರ ಬರೆದ. ಬಿಳಿ ಬಾವುಟ ಬಿಡಲ್ಲ. ನವೆಂಬರಿನಲ್ಲಿ ಗುಟ್ಟಾಗಿ, ಆಗ ಸಂಸತ್ತು ಸೇರುತ್ತಿದ್ದ ವರ್ಸೈ ಊರಿಗೆ ಬಂದು ಒಂದು ಮನೆಯಲ್ಲಿ ಕೂತ. ಅಧ್ಯಕ್ಷ ಮಕ್‌ಮಾನ್ ಬಂದು ಭೇಟಿಯಾದರೆ, ಇಬ್ಬರೂ ಸೇರಿ ಸಂಸತ್ತಿಗೆ ನಡೆದರೆ ಕೆಲಸ ಆದೀತು ಅಂತ ಅವನ ಲೆಕ್ಕ. ಮಕ್‌ಮಾನ್ ಕೂಡ ರಾಜಪಕ್ಷದವನೇ. ಆದರೂ ಬರಲ್ಲ ಅಂದುಬಿಟ್ಟ. ತನ್ನದೇ ಪೂರ್ವಜರು ಕಟ್ಟಿದ ಊರಲ್ಲಿ, ಯಾರದೋ ಮನೆಯ ಕೋಣೆಯಲ್ಲಿ ಕಾದು ಕಾದು ಹೆನ್ರಿ ವಾಪಸ್ ಹೋದ.

ರಾಜಪಕ್ಷದವರು ಮಕ್‌ಮಾನ್‌ಗೆ ಏಳು ವರ್ಷದ ಅಧಿಕಾರ ಕೊಟ್ಟು ಕೂರಿಸಿದರು. ಹೆನ್ರಿಗೆ ಮಕ್ಕಳಿಲ್ಲ, ಅವನ ಕಾಲ ಮುಗಿದರೆ ತ್ರಿವರ್ಣ ಒಪ್ಪುವ ದಾಯಾದಿಯನ್ನು ತರೋಣ ಅಂತ ಯೋಚನೆ. ಅಷ್ಟರಲ್ಲಿ 1875ರ ಜನವರಿ 30ರಂದು, ‘ಗಣರಾಜ್ಯದ ಅಧ್ಯಕ್ಷ’ ಅನ್ನುವ ಮಾತನ್ನು ಕಾನೂನಿಗೆ ಸೇರಿಸುವ ತಿದ್ದುಪಡಿ ಪಾಸಾಯಿತು. ಪರವಾಗಿ 353, ವಿರುದ್ಧ 352. ಒಂದೇ ಒಂದು ಮತ!

1883ರ ಜುಲೈ 14ರಂದು ಪ್ಯಾರಿಸ್ಸಿನ ಗಣರಾಜ್ಯ ಚೌಕದಲ್ಲಿ ದೊಡ್ಡ ಕಂಚಿನ ಹೆಣ್ಣುಮೂರ್ತಿ ಎದ್ದು ನಿಂತಿತು. ಗಣರಾಜ್ಯವೇ ಹೆಣ್ಣಾಗಿ ಬಂದ ಹಾಗೆ, ಕೈಯಲ್ಲಿ ಆಲಿವ್ ಕೊಂಬೆ. ತಲೆಯ ಮೇಲೆ ಅದೇ ಟೋಪಿ. ಆರು ವಾರಕ್ಕೆ, ಆಗಸ್ಟ್ 24ರಂದು, ಹೆನ್ರಿ ಆಸ್ಟ್ರಿಯದಲ್ಲಿ ತೀರಿಕೊಂಡ.

ನಾಳೆ ಆ ಚೌಕಕ್ಕೇ ಹೋಗುತ್ತೇನೆ. ಈಗ ಕೊನೆ ಬಸ್ಸು ಹಿಡಿಯಬೇಕು. ಇಲ್ಲದಿದ್ದರೆ ಈ ಸಾರೋಟೇ ಗತಿ, ಇದಕ್ಕೋ ಕುದುರೆ ಇಲ್ಲ.